ಹೆಸರಿಡುವ ಮೊದಲೇ ಹೆಸರು ತಿಂದೆವು

ನಮ್ಮ ಮನೆಯಲ್ಲಿ ಕೂಸಿನ ಹೆಸರನ್ನು ಮೊದಲು ತಿಂದೆವು, ಆಮೇಲೆ ಇಟ್ಟೆವು.

ಸುಳ್ಳಲ್ಲ. ಮೊಮ್ಮಗ ವಿನಯನ ಹೆಂಡತಿ ಖ್ಯಾತಿ ಹೆತ್ತು ಆಸ್ಪತ್ರೆಯಿಂದ ಮನೆಗೆ ಬಂದಳಲ್ಲ, ಅವಳ ಹಿಂದೆಯೇ ಒಂದು ಕೇಕೂ ಬಂತು. ಗುಲಾಬಿ ಬಣ್ಣದ್ದು. ಮೇಲೆ ಬಿಳಿ ಕ್ರೀಮಿನಲ್ಲಿ ಇಂಗ್ಲಿಷ್ ಅಕ್ಷರ. ಏನು ಬರೆದಿದೆ ಎಂದು ಕೇಳಿದೆ. ವೆಲ್‌ಕಮ್ ಲಿಯಾ ಎಂದರು. ಲಿಯಾ ಯಾರು ಎಂದೆ. ಎಲ್ಲರೂ ಖ್ಯಾತಿಯ ತೋಳಿನಲ್ಲಿದ್ದ ಬಟ್ಟೆಗಂಟಿನ ಕಡೆ ಕೈ ತೋರಿಸಿದರು. ಅಷ್ಟರಲ್ಲಿ ಚಾಕು ಆಡಿತು. ನನ್ನ ತಟ್ಟೆಗೆ ಹೆಸರಿನ ಬಾಲ ಬಂತು. (ಸಕ್ಕರೆ ಕಾಯಿಲೆಯವಳೆಂದು ಅದರಲ್ಲೂ ಅರ್ಧ.)

ತಿಂದೆ. ಚೆನ್ನಾಗಿತ್ತು. ಆದರೆ ಯಾರೂ ಇಡದ ಹೆಸರು ಬೇಕರಿಯವನಿಗೆ ಹೇಗೆ ಗೊತ್ತಾಯಿತು?

ವಾರವಾರ ಈ ಅಂಕಣ ಓದುವ ನಿಮಗೆ ನನ್ನ ಮನೆಯ ಮಂದಿಯೆಲ್ಲ ಗೊತ್ತು. ಹೊಸದಾಗಿ ಓದುವವರಿಗೆ ಎರಡು ಮಾತು. ಗದಗದ ಕಡೆಯವರು ನಾವು. ಗಂಡನ ರೈಲ್ವೆ ನೌಕರಿ ವಡೋದರಾಕ್ಕೆ ಎಳೆದು ತಂದಿತು. ಅವರು ಹೋದರು, ನಾವು ಇಲ್ಲೇ ಉಳಿದೆವು. ಮಗ ಶಿವಪ್ಪ ರಿಟೈರ್ ಆಗಿ ಮನೆಯಲ್ಲಿದ್ದಾನೆ. ಮೊಮ್ಮಗ ವಿನಯ ಕೊಯಾಲಿಯ ರಿಫೈನರಿಯಲ್ಲಿದ್ದಾನೆ, ಅವನ ಟೌನ್‌ಶಿಪ್ ಕ್ವಾರ್ಟರ್ಸ್‌ನಲ್ಲೇ ನಾವೆಲ್ಲ ಇದ್ದೇವೆ. ಖ್ಯಾತಿ ಇಲ್ಲಿಯ ಹುಡುಗಿ, ಗುಜರಾತಿ. ವಿನಯನ ಅಕ್ಕ ಆಶಾ ಸೂರತ್‌ನಲ್ಲಿದ್ದಾಳೆ. ಅಲ್ಲಿ ಸಚಿನ್ ಎಂಬ ಜಾಗದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರ ಲ್ಯಾಬ್‌ನಲ್ಲಿ ಕೆಲಸ. ಈ ಸಲದ ಜಗಳ ಹುಟ್ಟಿದ್ದು ಆಶಾಳಿಂದ.

ಜಗಳ ಅವಳಿಂದ ಹುಟ್ಟಿತು, ತಪ್ಪು ಅವಳದಲ್ಲ.

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ಅಪ್ಪನ ಅಕ್ಕನೋ ತಂಗಿಯೋ. ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಉಸುರಬೇಕು. ಉಸುರಿದ್ದೇ ತಡ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಬೇಕು. ಯಾಕೆ ಗುದ್ದುತ್ತಾರೆ? ನನಗೂ ಗೊತ್ತಿಲ್ಲ. ಹಳೆಯ ಸಿಟ್ಟು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದಿಲ್ಲ, ಅಷ್ಟು ಗೊತ್ತು.

ಗುಜರಾತಿಗಳಲ್ಲೂ ಹೆಸರಿನ ಹಕ್ಕು ಅಪ್ಪನ ಸೋದರಿಯದೇ. ಫೋಯಿ ಎನ್ನುತ್ತಾರೆ. ಬಟ್ಟೆಯ ಜೋಲಿಯಲ್ಲಿ ಕೂಸನ್ನೂ ಅರಳಿ ಎಲೆಯನ್ನೂ ಇಟ್ಟು, ನಾಲ್ಕು ತುದಿ ನಾಲ್ಕು ಮಕ್ಕಳು ಹಿಡಿದು ತೂಗುತ್ತಾರೆ. ಫೋಯಿ ಹೆಸರು ಹೇಳುತ್ತಾಳೆ. ಗುದ್ದು ಮಾತ್ರ ಇಲ್ಲ. ಪಾಪ, ಅಷ್ಟು ಮುಂದುವರಿದಿಲ್ಲ ಅವರು.

ಅಂದರೆ ಆಶಾಳಿಗೆ ಎರಡು ಕಡೆಯಿಂದಲೂ ಹಕ್ಕು. ಮನೆ ಬಿಟ್ಟು ಹೋದ ಹೆಣ್ಣುಮಗಳಿಗೆ ತವರಿನಲ್ಲಿ ಏನು ಉಳಿದಿರುತ್ತದೆ ಹೇಳಿ? ಅವಳ ಕೋಣೆಯಲ್ಲಿ ತಮ್ಮನ ಸಂಸಾರ. ಅವಳ ಕಪಾಟಿನಲ್ಲಿ ತಮ್ಮನ ಹೆಂಡತಿಯ ಬಟ್ಟೆ. ಉಳಿಯುವುದು ಈ ಒಂದು ಹೆಸರು ಹೇಳುವ ಹಕ್ಕು, ಜೊತೆಗೆ ಬೆನ್ನಿಗೆ ಗುದ್ದು. ಅದನ್ನೂ ಬೇಕರಿಗೆ ಕೊಟ್ಟುಬಿಟ್ಟರೆ?

ಕೇಕಿನ, ಬಲೂನಿನ ಫೋಟೋ ವಾಟ್ಸಾಪಿನಲ್ಲಿ ಸೂರತ್ ಮುಟ್ಟಿತು. ಆಶಾ ಫೋನ್ ಮಾಡಿದಳು. ಸಿಟ್ಟು ಬಂದರೆ ಅವಳು ದನಿ ಏರಿಸುವುದಿಲ್ಲ, ಇಳಿಸುತ್ತಾಳೆ. ನಾನು ಕಿವಿಗೆ ಒತ್ತಿ ಹಿಡಿದು ಕೇಳಬೇಕಾಯಿತು.

“ಅಜ್ಜಿ, ಕೇಕ್ ಮ್ಯಾಲೆ ಬರದಾರ, ಬಲೂನಿನ ಮ್ಯಾಲೆ ಬರದಾರ. ಇನ್ನ ನಾ ಬಂದು ಏನ್ ಹೇಳ್ಲಿ? ಆ ಬಲೂನಿಗೇ ಹೇಳ್ರಿ, ಕೂಸಿನ ಕಿವ್ಯಾಗ ಗಾಳಿ ಊದತೈತಿ.”

ಬರುವುದಿಲ್ಲ ಎಂದಳು. ಬರುವುದಿಲ್ಲ ಎಂದರೆ ಬರುವ ಪೈಕಿ ಅಲ್ಲ ಅವಳು. ನನ್ನ ಕೈಯಲ್ಲೇ ಬೆಳೆದವಳು.

ವಿನಯನನ್ನು ಕೂರಿಸಿ ಕೇಳಿದೆ. ಅವನದೊಂದು ಲೆಕ್ಕ ಇದೆ. ಸಿಟ್ಟು ಬಂದರೆ ಹಿಂದಿಗೆ ಹೋಗುತ್ತಾನೆ, ತಪ್ಪು ತನ್ನದಾದರೆ ಇಂಗ್ಲಿಷಿಗೆ. ಆವತ್ತು ಪೂರಾ ಇಂಗ್ಲಿಷಿನಲ್ಲಿದ್ದ. ಅದರಲ್ಲಿ ನನಗೆ ತಿಳಿದದ್ದು ಇಷ್ಟು: ಅಕ್ಕ ಬಂದು ಕಿವಿಯಲ್ಲಿ ಹೇಳುವುದು ಹೇಳಲಿ, ಫೋಟೋಗೆ ಚೆನ್ನಾಗಿರುತ್ತದೆ, ಹೆಸರು ಮಾತ್ರ ಫೈನಲ್.

ಯಾರ ಹೆಸರೋ ಇದು, ಏನರ್ಥ ಎಂದೆ. ಫೋನ್ ತೆಗೆದ. ಒಂದರಲ್ಲಿ ಹೂವು ಎಂದಿತ್ತು. ಇನ್ನೊಂದರಲ್ಲಿ ಲಕ್ಷ್ಮಿ. ಮತ್ತೊಂದರಲ್ಲಿ ಶುಭ ಸುದ್ದಿ ತರುವವಳು. ತರಕಾರಿಯವನು ಕೂಡ ಒಂದು ಬದನೆಕಾಯಿಗೆ ಮೂರು ರೇಟು ಹೇಳುವುದಿಲ್ಲ.

ಈ ಹೆಸರು ಈಗ ಎಷ್ಟು ಚಾಲ್ತಿಯಲ್ಲಿದೆ ಎಂದರೆ, ನಮ್ಮ ಟೌನ್‌ಶಿಪ್ ಗಾರ್ಡನ್‌ನಲ್ಲಿ ಸಂಜೆ ನಿಂತು ಲಿಯಾ ಎಂದು ಕೂಗಿ ನೋಡಿ. ಜಾರುಬಂಡಿಯಿಂದ ಒಂದು ಇಳಿಯುತ್ತದೆ, ಉಯ್ಯಾಲೆಯಿಂದ ಒಂದು. ಮೂರನೆಯದು ಸ್ಟ್ರಾಲರಿನಲ್ಲಿ ಕೂತು ಬಿಸ್ಕೆಟ್ ಎಸೆಯುತ್ತದೆ. ಯಾಕೆ ಎಲ್ಲರಿಗೂ ಇದೇ ಬೇಕು? ಖ್ಯಾತಿ ಬಿಡಿಸಿ ಹೇಳಿದಳು. ಗಿಡ್ಡ ಹೆಸರು. ಗುಜರಾತಿಯಲ್ಲೂ ಸಲೀಸು, ಇಂಗ್ಲಿಷಿನಲ್ಲೂ ಸಲೀಸು. ಇಲ್ಲಿ ಮನೆಗೊಬ್ಬ ಕಾಕಾ ಫಾರಿನ್‌ನಲ್ಲಿ ಇರುತ್ತಾನೆ, ಅಲ್ಲಿಯವರ ನಾಲಿಗೆಯೂ ಹೊರಳಬೇಕು. ಮೇಲಾಗಿ ರಾಶಿಗೆ ಕೂಡಿತು.

ರಾಶಿಯ ಮಾತು ನಿಜ. ಇಲ್ಲಿಯ ಪುರೋಹಿತರು ಮೇಷ ರಾಶಿ ಎಂದು ಹೇಳಿ ಅ, ಲ, ಈ ಎಂಬ ಮೂರು ಅಕ್ಷರ ಕೊಟ್ಟಿದ್ದರು. ಶಿವಪ್ಪ ಗದಗದ ನಮ್ಮ ಅಯ್ಯನವರಿಗೆ ಫೋನ್ ಹಚ್ಚಿದ. ಭರಣಿ ನಕ್ಷತ್ರ, ಮೊದಲ ಪಾದ, ಅಕ್ಷರ ‘ಲೀ’ ಎಂದರು ಅವರು. ಮದುವೆಯ ಮುಹೂರ್ತದಿಂದ ಹಿಡಿದು ಮಜ್ಜಿಗೆಗೆ ಸಕ್ಕರೆಯೋ ಉಪ್ಪೋ ಎಂಬಲ್ಲಿಯವರೆಗೆ ಜಗಳವಾಡಿದ ಎರಡು ಬೀಗರ ಕಡೆಯವರು ಒಪ್ಪಿದ್ದು ಈ ಒಂದು ಅಕ್ಷರಕ್ಕೆ. ಲೀಲಾ ಎನ್ನಬಹುದು, ಲೀಲಾವತಿ ಎನ್ನಬಹುದು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಲಿಯಾ ಎಂದಾಗಿತ್ತು.

ಈಗಿನ ಪದ್ಧತಿಯೇ ಹೀಗೆ. ಪಂಚಾಂಗ ಅಕ್ಷರ ಕೊಡುತ್ತದೆ, ಹೆಸರು ಫೋನು ಕೊಡುತ್ತದೆ. ಅಯ್ಯನವರ ಅಕ್ಷರ ಹಿಡಿದು ಹೊರಟವರು ಎಲ್ಲೋ ಸಮುದ್ರದಾಚೆ ಇಳಿಯುತ್ತಾರೆ. ಪಕ್ಕದ ಬ್ಲಾಕಿನಲ್ಲಿ ಒಬ್ಬ ಈಥನ್ ಪಟೇಲ್ ಇದ್ದಾನೆ. ಅವನಿಗೂ ಅಕ್ಷರ ಬಂದದ್ದು ರಾಶಿಯಿಂದಲೇ.

ಇಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಮಗ ಶಿವಪ್ಪ ನಡುವೆ ಬಂದ. ಮನೆಯ ಮೊದಲ ಮೊಮ್ಮಗಳು, ನಮ್ಮ ಪದ್ಧತಿಯಂತೆ ಅವ್ವನ ಹೆಸರೇ ಇಡಬೇಕು ಎಂದ. ಅವ್ವ ಎಂದರೆ ನಾನು.

ನನ್ನ ಹೆಸರು ಸಾಕವ್ವ.

ನಗಬೇಡಿ. ಇದರಲ್ಲಿ ಅರ್ಥ ಹುಡುಕಲು ಫೋನು ಬೇಕಾಗಿಲ್ಲ. ನಾನು ನಮ್ಮವ್ವನಿಗೆ ನಾಲ್ಕನೆಯ ಹೆಣ್ಣು. ಹೆಣ್ಣು ಇನ್ನು ಸಾಕು ಎಂದು ದೇವರಿಗೆ ತಿಳಿಯಲಿ ಅಂತ ಇಟ್ಟ ಹೆಸರು. ದೇವರಿಗೆ ತಿಳಿಯಿತು. ನನ್ನ ಬೆನ್ನಿಗೆ ತಮ್ಮ ಹುಟ್ಟಿದ. ಹೆಸರು ಕೆಲಸ ಮಾಡಿತು ಎಂದು ಓಣಿಯೆಲ್ಲ ಹೊಗಳಿತು. ನನ್ನದು ಹೆಸರಲ್ಲ, ಔಷಧ. ಕಾಯಿಲೆ ವಾಸಿಯಾದ ಮೇಲೆ ಖಾಲಿ ಬಾಟಲಿ ಮನೆಯಲ್ಲಿ ಉಳಿಯುತ್ತದಲ್ಲ, ಹಾಗೆ ಉಳಿದೆ.

ಊಟದ ಪಂಕ್ತಿಯಲ್ಲಿ ಯಾರಾದರೂ ಬಡಿಸುವವರಿಗೆ ‘ಸಾಕು’ ಎಂದರೆ ಸಾಲಿನ ಹುಡುಗರೆಲ್ಲ ನನ್ನ ಕಡೆ ತಿರುಗಿ ನಗುತ್ತಿದ್ದರು. ಒಂದು ವಯಸ್ಸಿನ ತನಕ ನಾನು ಪಂಕ್ತಿಯಲ್ಲಿ ಕೂರುವುದನ್ನೇ ಬಿಟ್ಟಿದ್ದೆ. ಅಳಲಿಲ್ಲ. ಅಡುಗೆಮನೆಯಲ್ಲಿ ಕೂತು ಅವರಿಗಿಂತ ಜಾಸ್ತಿ ತಿಂದೆ.

ಹಾಗಾಗಿ ಈ ಹೆಸರು ನನ್ನ ಜೊತೆಗೇ ಮುಗಿಯಬೇಕು ಎಂಬುದು ನನ್ನ ಹಟ. ಆಶಾ ಹುಟ್ಟಿದಾಗಲೂ ಶಿವಪ್ಪ ಇದನ್ನೇ ಎತ್ತಿದ್ದ. ಆಗ ನನ್ನ ದನಿ ಗಟ್ಟಿ ಇತ್ತು, ಒಂದೇ ಏಟಿಗೆ ಕೂರಿಸಿದೆ. ಈಗ ಅವನು ರಿಟೈರ್ ಆಗಿದ್ದಾನೆ. ಬೇರೆ ಕೆಲಸವಿಲ್ಲ. ಬೆಳಿಗ್ಗೆ ಎದ್ದರೆ ಪದ್ಧತಿ, ಮಲಗುವಾಗಲೂ ಪದ್ಧತಿ.

ಅವನ ಹೆಂಡತಿ ಗಿರಿಜಾ ನನ್ನ ಕಡೆ ಇದ್ದಳು, ಅವಳ ಕಷ್ಟಕ್ಕೆ ಅವಳು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ತರುವಂತಿಲ್ಲ. ಬ್ಯಾಂಕಿನಲ್ಲಿ ನನ್ನ ಹೆಸರು ಕೇಳಿದರೆ ನನ್ನ ಆಧಾರ್ ಕಾರ್ಡು ಚಾಚಿ ನಿಲ್ಲುತ್ತಾಳೆ. ಅದೇ ಹೆಸರು ಮೊಮ್ಮಗಳಿಗೆ ಬಂದರೆ ಏನೆಂದು ಕರೆಯುತ್ತಾಳೆ? ಶಿಳ್ಳೆ ಹಾಕುತ್ತಾಳೆಯೇ?

ಅಂತೂ ಮನೆಯಲ್ಲಿ ಎರಡು ಪಾರ್ಟಿ. ಒಂದು ಲಿಯಾ, ಒಂದು ಸಾಕವ್ವ. ಹೆಸರಿಡಬೇಕಾದವಳು ಸೂರತ್‌ನಲ್ಲಿ ಮುನಿಸಿಕೊಂಡು ಕೂತಿದ್ದಾಳೆ. ಭಾನುವಾರ ತೊಟ್ಟಿಲು ಶಾಸ್ತ್ರ. ನನಗೆ ಎರಡೂ ಹೆಸರು ಬೇಡ, ಆಶಾ ಬೇಕು.

ಆ ವಾರ ಕಣ್ಣಿನ ಡಾಕ್ಟರಿಗೆ ತೋರಿಸಲು ಅಹಮದಾಬಾದಿಗೆ ಹೋಗುವುದಿತ್ತು. ಪೊರೆ ತೆಗೆಸಿದ ಕಣ್ಣು, ಆಗಾಗ ತೋರಿಸಬೇಕು. ಶಿವಪ್ಪನನ್ನು ಕರೆದುಕೊಂಡು ಬೆಳಗಿನ ರೈಲು ಹತ್ತಿದೆ. ಬರುವಾಗ ಮಣಿನಗರದಲ್ಲಿ ಒಂದು ಮನೆಗೆ ಹೋಗೋಣ ಎಂದೆ. ಯಾರ ಮನೆ ಎಂದ.

ನಿನ್ನ ಮೊಮ್ಮಗಳ ಹೆಸರಿನವಳ ಮನೆ ಎಂದೆ.

ಹೌದು. ಫೋನು ಮೂರು ಅರ್ಥ ಹೇಳುವಾಗಲೇ ನನಗೆ ನೆನಪಾಗಿತ್ತು. ರೈಲ್ವೆ ಕ್ವಾರ್ಟರ್ಸ್‌ನಲ್ಲಿದ್ದಾಗ ನಮ್ಮ ಗೋಡೆಯ ಆಚೆ ಇದ್ದವಳು ಲಿಯಾಬೆನ್. ಯೆಹೂದಿಗಳು. ಶುಕ್ರವಾರ ಸಂಜೆ ದೀಪ ಹಚ್ಚುತ್ತಿದ್ದಳು, ನಾನು ಸೋಮವಾರ ಹಚ್ಚುತ್ತಿದ್ದೆ. ಎಣ್ಣೆ ತೀರಿದರೆ ಸಾಲ ಇಬ್ಬರ ನಡುವೆಯೇ ಓಡಾಡುತ್ತಿತ್ತು. ಆ ಕಾಲದಲ್ಲಿ ಇಡೀ ಕಾಲನಿಯಲ್ಲಿ ಆ ಹೆಸರಿನವಳು ಅವಳೊಬ್ಬಳೇ. ವಿಚಿತ್ರ ಹೆಸರು ಎಂದು ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು. (ಸಾಕವ್ವ ಎಂಬವಳು ಅದರಲ್ಲಿ ಮುಂದೆ.)

ಇಲ್ಲಿ ಗಂಡು ಹುಟ್ಟಿದರೆ ಪೆಂಡಾ ಹಂಚುತ್ತಾರೆ, ಹೆಣ್ಣು ಹುಟ್ಟಿದರೆ ಜಿಲೇಬಿ. ನಾನು ಪೆಂಡಾವನ್ನೇ ಒಯ್ದೆ. ಲಿಯಾಬೆನ್ ಡಬ್ಬ ನೋಡಿ ಗಂಡೇ ಎಂದಳು. ಹೆಣ್ಣು ಎಂದೆ. ಒಳ್ಳೆಯದಾಯಿತು, ಜಿಲೇಬಿ ನನ್ನ ಹಲ್ಲಿಗೆ ಅಂಟುತ್ತದೆ ಎಂದಳು. ಬಾಯಲ್ಲಿ ಇರುವುದು ಎರಡು ಹಲ್ಲು. ನಾವು ಮಾತಾಡುವುದು ಗುಜರಾತಿಯೂ ಅಲ್ಲದ ಹಿಂದಿಯೂ ಅಲ್ಲದ ಕ್ವಾರ್ಟರ್ಸ್ ಭಾಷೆ. ಅದನ್ನು ಇಲ್ಲಿ ಕನ್ನಡ ಮಾಡಿದ್ದೇನೆ.

ಹೆಸರು ಏನಿಡುತ್ತೀರಿ ಎಂದಳು. ನಿನ್ನದೇ ಎಂದೆ.

ಕನ್ನಡಕ ತೆಗೆದಿಟ್ಟು ನಕ್ಕಳು. ಕೆಮ್ಮು ಬರುವ ತನಕ ನಕ್ಕಳು. ಶಿವಪ್ಪ ನೀರು ತಂದುಕೊಟ್ಟ. ಅವಳ ನಾಲ್ಕು ಮೊಮ್ಮಕ್ಕಳಲ್ಲಿ ಒಬ್ಬಳು ಪೂಜಾ ಅಂತೆ, ಒಬ್ಬಳು ನೇಹಾ ಅಂತೆ. ಹಳೆಯ ಹೆಸರು ಇಡಿ ಎಂದರೆ ಮಕ್ಕಳು ಕೇಳಲಿಲ್ಲವಂತೆ. ನಮ್ಮವರು ನಿಮ್ಮ ಹೆಸರು ಹೊತ್ತುಕೊಂಡು ಹೋದರು, ನೀವು ನಮ್ಮ ಅಜ್ಜಿಯರ ಹೆಸರು ಎತ್ತಿಕೊಂಡು ಹೊರಟಿದ್ದೀರಿ, ನಡುವೆ ನಾನೊಬ್ಬಳು ವಾರಸುದಾರರಿಲ್ಲದೆ ಕೂತಿದ್ದೆ ಎಂದಳು.

ಸರಿ, ಅರ್ಥ ಏನು ಎಂದೆ. ಹೂವೋ, ಲಕ್ಷ್ಮಿಯೋ?

“ಸಾಕುಬೆನ್, ಯಾವ ಹೂವು? ನಮ್ಮ ಹೀಬ್ರೂ ಭಾಷೆಯಲ್ಲಿ ಲಿಯಾ ಅಂದರೆ ದಣಿದವಳು. ಸುಸ್ತಾದವಳು.”

ಶಿವಪ್ಪನ ಕೈಯ ಪೆಂಡಾ ಅಲ್ಲೇ ನಿಂತಿತು.

ಅವರ ಶಾಸ್ತ್ರದಲ್ಲಿ ಆ ಹೆಸರಿನ ಹಿರಿಯಳೊಬ್ಬಳು ಇದ್ದಾಳಂತೆ. ತಂಗಿ ಚೆಲುವೆ, ಇವಳು ಕಣ್ಣು ಮಂಕಾದವಳು. ಬಂದ ವರ ತಂಗಿಯನ್ನು ಕೇಳಿದರೆ ಅಪ್ಪ ಮುಸುಕು ಹಾಕಿ ಇವಳನ್ನು ದಾಟಿಸಿಬಿಟ್ಟನಂತೆ. ಆಮೇಲೆ ಇವಳದೇ ವಂಶ ಬೆಳೆಯಿತಂತೆ. ಮುಸುಕಿನ ಮದುವೆ ನಮ್ಮ ಊರಲ್ಲೂ ನಡೆದದ್ದು ನನಗೆ ಗೊತ್ತು, ಆ ಕತೆ ಇನ್ನೊಂದು ವಾರದ ಅಂಕಣಕ್ಕೂ ಬೇಡ, ಅವರು ಇನ್ನೂ ಬದುಕಿದ್ದಾರೆ. ಕೆಲವು ಪಂಡಿತರು ಅದರ ಅರ್ಥ ದಣಿದವಳು ಅಲ್ಲ, ಕಾಡುಹಸು ಎನ್ನುತ್ತಾರೆ ಎಂದೂ ಲಿಯಾಬೆನ್ ಹೇಳಿದಳು. ಹಸುವಾದರೆ ಪರವಾಗಿಲ್ಲ, ನಮ್ಮಲ್ಲಿ ಕೈ ಮುಗಿಯುತ್ತಾರೆ ಎಂದು ಶಿವಪ್ಪ ಚೇತರಿಸಿಕೊಂಡ. ಆದರೆ ಅವಳ ಅಜ್ಜಿ ಅವಳಿಗೆ ಹೇಳಿದ್ದು ದಣಿದವಳು ಎಂದೇ.

ಯಾಕೆ ಇಟ್ಟರು ಅಂಥ ಹೆಸರು ಎಂದು ಕೇಳಿದೆ. ಹೆತ್ತವಳು ದಣಿದಿದ್ದಳೋ, ಹುಟ್ಟಿದವಳು ದಣಿದಿದ್ದಳೋ, ಯಾರು ಬರೆದಿಟ್ಟಿದ್ದಾರೆ ಎಂದು ಇನ್ನೊಂದು ಪೆಂಡಾ ತೆಗೆದುಕೊಂಡಳು.

ನೀವು ನನಗಿಂತ ಚುರುಕು. ನಿಮಗೆ ಈಗಾಗಲೇ ಏನೋ ಹೊಳೆದಿರಬೇಕು. ನನಗೆ ಹೊಳೆ‌ಯಲಿಲ್ಲ. ನನಗೆ ಗೆದ್ದ ಖುಷಿ. ಒಂದು ಹೆಸರನ್ನು ಉರುಳಿಸಲು ಕಲ್ಲು ಸಿಕ್ಕಿತ್ತು. ರೈಲಿನಲ್ಲೇ ಆಶಾಳಿಗೆ ಫೋನ್ ಮಾಡಿದೆ. ಅರ್ಥ ಸಿಕ್ಕಿದೆ, ದಣಿದವಳು ಎಂದು, ಭಾನುವಾರ ಎಲ್ಲರ ಮುಂದೆ ಹೇಳುತ್ತೇನೆ, ಆ ಹೆಸರು ಬಿದ್ದುಹೋಗುತ್ತದೆ, ನೀನು ಬಂದು ನಿನಗೆ ಬೇಕಾದದ್ದು ಇಡು ಎಂದೆ.

ಖರೇನ ದಣಿದಾಕಿ ಅಂತನಾ ಎಂದು ಕೇಳಿದಳು. ಖರೇ ಎಂದೆ. ಬರ್ತೀನಿ ಎಂದಳು. ನಕ್ಕ ಹಾಗೆ ಕೇಳಿಸಿತು. ರೈಲಿನ ಸದ್ದು ಇರಬೇಕು ಅಂದುಕೊಂಡೆ.

ಭಾನುವಾರ ಬಂತು.

ಬಾಡಿಗೆಯ ಸ್ಟೀಲ್ ತೊಟ್ಟಿಲು. ಅದಕ್ಕೆ ಚೆಂಡುಹೂವು. ಮೇಲೆ ಗೋಡೆಗೆ ಬಂಗಾರ ಬಣ್ಣದ ಅಕ್ಷರದ ಬಲೂನುಗಳು, ಒಂದೊಂದೂ ಕೂಸಿಗಿಂತ ದೊಡ್ಡವು. ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡಕಲ್ಲು ಹಾಕುವುದು ನಮ್ಮ ಪದ್ಧತಿ. ಮಿಕ್ಸಿಯ ಮನೆಯಲ್ಲಿ ಗುಂಡಕಲ್ಲು ಎಲ್ಲಿಂದ ಬರಬೇಕು? ಶುಂಠಿ ಜಜ್ಜುವ ಕಲ್ಲಿಗೇ ಕುಂಚಿಗೆ ತೊಡಿಸಿ, ಕಾಡಿಗೆ ಬೊಟ್ಟಿಟ್ಟು, ತೊಟ್ಟಿಲ ಕೆಳಗಿಂದ ಮೇಲಕ್ಕೆ ಕೈ ದಾಟಿಸಿದೆವು. ಖ್ಯಾತಿಯ ಕಾಕಿ, ಅಂದರೆ ಚಿಕ್ಕಮ್ಮ, ಬೆರಗಾಗಿ ನೋಡುತ್ತಿದ್ದಳು. ಕಲ್ಲಿಗೂ ಹೆಸರಿಡುತ್ತೀರಾ ಎಂದು ಕೇಳಿದಳು. ಅದರ ರಾಶಿ ಕೇಳಲು ಕಳಿಸಿದ್ದೇವೆ ಎಂದೆ.

ಆಶಾ ಸೂರತ್‌ನಿಂದ ಬೆಳಗಿನ ಗಾಡಿಗೆ ಬಂದಿದ್ದಳು. ಉಗುರಿನ ಸಂದಿಯಲ್ಲಿ ಮಿಲ್ಲಿನ ನೀಲಿ ಬಣ್ಣ ಹಾಗೇ ಇತ್ತು. ವಿನಯನ ಜೊತೆ ಮಾತಿಲ್ಲ. ಬಲೂನುಗಳ ಕಡೆ ಒಮ್ಮೆ ನೋಡಿದಳು, ಅಷ್ಟೆ. ವಿನಯ ಕಾಣದವನಂತೆ ಫ್ಯಾನು ಜೋರು ಮಾಡಿದ.

ಕಲ್ಲು ಎತ್ತಿದ್ದಾಯಿತು. ಇನ್ನು ಕೂಸನ್ನು ಹಾಕಬೇಕು. ನಾನು ಎದ್ದು ನಿಂತೆ. ಎಲ್ಲರಿಗೂ ತಿಳಿಯಲಿ ಎಂದು ಹಿಂದಿಯಲ್ಲೇ ಹೇಳಿದೆ: ನೀವು ಗೋಡೆಗೆ ಕಟ್ಟಿದ ಹೆಸರಿಗೆ ದಣಿದವಳು ಎಂದು ಅರ್ಥ, ಆ ಹೆಸರಿನ ಹೆಂಗಸಿನ ಬಾಯಿಂದಲೇ ಕೇಳಿ ಬಂದಿದ್ದೇನೆ.

ಕಾಕಿ ಹಾಯ್ ಹಾಯ್ ಎಂದಳು. ವಿನಯ ಫೋನು ತಿಕ್ಕಿದ, ತಿಕ್ಕಿದ, ಮುಖ ಇಳಿಯಿತು. ಹೂವು, ಲಕ್ಷ್ಮಿ, ಶುಭ ಸುದ್ದಿ ಎಲ್ಲ ದಾಟಿ ಕೆಳಗೆ ಕೆಳಗೆ ಹೋದರೆ ಅಲ್ಲಿಯೂ ಅದೇ ಬರೆದಿತ್ತು. ಶಿವಪ್ಪನ ಮುಖ ಮಾತ್ರ ಅರಳಿತು. ಹಾಗಾದರೆ ಅವ್ವನ ಹೆಸರು ಎಂದು ಶುರು ಮಾಡಿದ.

ಆಗ ಆಶಾ ಬಾಯಿ ಬಿಟ್ಟಳು.

“ಅಜ್ಜಿ, ನಿನ್ನ ಹೆಸರಿನ ಅರ್ಥ ಏನು? ಎಲ್ಲಾರಿಗೂ ಕೇಳೂ ಹಂಗ ಹೇಳು.”

“ನಿನಗ ಗೊತ್ತಿಲ್ಲೇನ? ಸಾಕು ಅಂತ.”

“ದಣಿದೋರು ಏನಂತಾರಜ್ಜಿ?”

ಹೊಳೆಯಿತಲ್ಲ ಈಗ? ನನಗೂ ಆಗಲೇ ಹೊಳೆದದ್ದು. ನಾನೇ ಅಹಮದಾಬಾದಿನಿಂದ ಹೊತ್ತು ತಂದ ಕಲ್ಲು ನನ್ನ ಕಾಲ ಮೇಲೆ ಬಿತ್ತು.

ಆಶಾ ಅಪ್ಪನ ಕಡೆ ತಿರುಗಿದಳು. ನಿನಗೆ ಅಜ್ಜಿಯ ಹೆಸರು ಬೇಕಿತ್ತಲ್ಲ, ಅದು ಹೀಬ್ರೂನಲ್ಲಿ ಗೋಡೆಯ ಮೇಲೆ ಇದೆ ಎಂದಳು. ಗಿರಿಜಾ ಮುಸಿ ಮುಸಿ ನಕ್ಕಳು. (ಈ ಹೆಸರಾದರೆ ಅವಳು ಕರೆಯಬಹುದು.) ಕಾಕಿಗೆ ಯಾರೋ ಗುಜರಾತಿಯಲ್ಲಿ ಬಿಡಿಸಿ ಹೇಳಿದರು. ಅವಳೂ ನಕ್ಕಳು. ನಗದವಳು ನಾನೊಬ್ಬಳೇ.

ಬೇಡ ಎಂದೆ. ಯಾವ ಭಾಷೆಯಲ್ಲೂ ಬೇಡ ಎಂದೆ. ನಾಲ್ಕು ಹೆಣ್ಣು ಹೆತ್ತ ಮನೆಯಲ್ಲಿ ಅದು ಏನಂತ ಇಟ್ಟ ಹೆಸರು, ಅದನ್ನು ಹೊತ್ತವರಿಗೆ ಗೊತ್ತು, ಈ ಕೂಸು ಯಾರಿಗೂ ಹೆಚ್ಚಾದದ್ದಲ್ಲ ಎಂದೆ. ದನಿ ಸ್ವಲ್ಪ ಜೋರಾಯಿತೋ ಏನೋ. ಕಾಕಿ ಕುರ್ಚಿ ಹಿಂದೆ ಸರಿಸಿದಳು.

ಅಲ್ಲಿಯ ತನಕ ಮಂಚದ ಮೇಲೆ ಕೂಸನ್ನು ಹಿಡಿದು ಕೂತಿದ್ದ ಖ್ಯಾತಿಗೆ ಮಾತಾಡಲು ಯಾರೂ ಅವಕಾಶವನ್ನೇ ಕೊಟ್ಟಿರಲಿಲ್ಲ. ಹೊಸ ಸೀರೆ ಉಡಿಸಿದ್ದರು, ತಲೆ ಬಾಚಿದ್ದರು, ಆದರೆ ಕಣ್ಣಿನ ಕೆಳಗಿನ ಕಪ್ಪನ್ನು ಏನು ಮಾಡಿಯಾರು? ಅವಳು ಮೆಲ್ಲಗೆ ಹೇಳಿದಳು, ಗುಜರಾತಿಯಲ್ಲಿ.

“ಬಾ, ಥಾಕೇಲಿ ತೋ ಹೂಂ ಛೂಂ.”

ಇಲ್ಲಿ ಅಜ್ಜಿಗೆ ಬಾ ಎನ್ನುತ್ತಾರೆ. ಬಾ, ದಣಿದವಳು ನಾನು. ಇವಳಲ್ಲ, ಇವಳು ದಿನವಿಡೀ ನಿದ್ದೆ ಮಾಡುತ್ತಾಳೆ. ನನಗೆ ಕೂತಲ್ಲೇ ತೂಕಡಿಕೆ, ಅನ್ನದ ತುತ್ತು ಕೈಯಲ್ಲಿ ಹಿಡಿದೇ ನಿದ್ದೆ ಬರುತ್ತದೆ. ಹೆಸರಿನಲ್ಲಿ ಅದು ಇದ್ದರೆ ಇರಲಿ, ಅದು ನನ್ನ ದಣಿವು. ಕೂಸು ಬೇಕಾದದ್ದೇ, ದಣಿವೂ ಆದದ್ದೇ. ಹೀಗೆ ಹೇಳಿ ಆಕಳಿಸಿದಳು. ನಾಟಕವಲ್ಲ, ನಿಜವಾದ ಆಕಳಿಕೆ. ಬಾಯಿ ಮುಚ್ಚಿಕೊಳ್ಳಲೂ ಮರೆತಳು.

ನಾನು ಕೂತೆ.

ನಮ್ಮವ್ವ ನನ್ನನ್ನು ಹೆತ್ತಾಗ ಹೇಗಿದ್ದಳೋ? ನಾಲ್ಕನೆಯ ಬಾಣಂತನ. ಮೂರು ಮಕ್ಕಳು ಸೆರಗಿಗೆ, ಒಂದು ಎದೆಗೆ. ಸಾಕು ಎಂದವರು ಯಾರು? ಅಪ್ಪನೇ, ಅಜ್ಜಿಯೇ, ಓಣಿಯವರೇ? ಅಥವಾ ಅವಳೇ ಗೋಡೆಗೆ ಒರಗಿ ಹಾಗೊಂದು ಮಾತು ಅಂದಳೋ, ಕೇಳಿಸಿಕೊಂಡವರು ಅದನ್ನೇ ತೊಟ್ಟಿಲಿಗೆ ಹಾಕಿದರೋ? ನನಗೆ ಗೊತ್ತಿಲ್ಲ. ಇಷ್ಟು ವರ್ಷ ಸಾಕಾದದ್ದು ನಾನು ಎಂದುಕೊಂಡಿದ್ದೆ. ಸಾಕಾದದ್ದು ಯಾರಿಗೆ ಎಂದು ಒಂದು ದಿನ ಅವ್ವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಈಗ ಕೇಳಲು ಅವಳಿಲ್ಲ. ಇರಲಿ.

ಮಾಡಿ ಏನು ಬೇಕಾದರೂ ಎಂದೆ.

ಮಾಡುವವಳು ಆಶಾ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ತಮ್ಮನ ಕಡೆ ತಿರುಗಿ ಆ ದಿನದ ಮೊದಲ ಮಾತು ಆಡಿದಳು.

“ಮೊದಲ ಆ ಬಲೂನ್ ತಗಿ. ನಾ ಹೇಳೂತನಾ ಈ ಕೂಸಿಗೆ ಹೆಸರಿಲ್ಲ.”

ವಿನಯ ಅಕ್ಕನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ. ಸ್ಟೂಲು ಹತ್ತಿ ಒಂದೊಂದೇ ಅಕ್ಷರ ಇಳಿಸಿದ. ಸಾರಿ ಎಂದ. ಇಂಗ್ಲಿಷಿನಲ್ಲೇ. ಇನ್ಯಾವ ಭಾಷೆಯಲ್ಲಿ ಎಂದಾನು?

ಗೋಡೆ ಬರಿದಾಯಿತು. ಕೇಕು ಎಂದೋ ಮುಗಿದಿತ್ತು. ಖ್ಯಾತಿ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದಳು. ಕೂಸಿಗೆ ಆ ಹೊತ್ತಿಗೆ ಹೆಸರಿರಲಿಲ್ಲ. ಆಶಾ ಏನು ಹೇಳುತ್ತಾಳೆ ಎಂದು ಯಾರಿಗೂ ಗೊತ್ತಿಲ್ಲ. ಹೇಳಲೂ ಇಲ್ಲ ಅವಳು. ಬೇಕೆಂದೇ ಕೂಸಿನ ಕುಂಚಿಗೆ ಸರಿ ಮಾಡಿದಳು, ಬೊಟ್ಟು ಸರಿ ಮಾಡಿದಳು, ಹೂವು ಸರಿ ಮಾಡಿದಳು. ವಿನಯನ ಹಣೆಯಲ್ಲಿ ಬೆವರು. ಫ್ಯಾನು ಜೋರಾಗಿಯೇ ಇತ್ತು.

ಕೊನೆಗೆ ಬಾಗಿದಳು. ಕುರ್‍ರ್ ಎಂದಳು. ಇನ್ನೇನೋ ಉಸುರಿದಳು.

ಗುದ್ದುವ ಪದ್ಧತಿಯನ್ನು ಖ್ಯಾತಿಯ ಕಡೆಯವರಿಗೆ ನಾನು ಮೊದಲೇ ಹೇಳಿಕೊಟ್ಟಿದ್ದೆ. ತಪ್ಪಾಯಿತು. ಹೊಸದಾಗಿ ಕಲಿತವರ ಹುರುಪು ಬೇರೆ. ಕಾಕಿ ಎರಡೂ ಕೈ ಎತ್ತಿ ಹಾಕಿದಳು. ಆಶಾ ಬಗ್ಗಿದವಳು ಏಳಲಾರದೆ ನಗುತ್ತ ನಗುತ್ತ ಕೂಗಿದಳು: ಲಿಯಾ.

ಅದೇ ಹೆಸರು. ಆದರೆ ಗೋಡೆಯ ಮೇಲೆ ಇಲ್ಲದಾಗ, ಅವಳ ಬಾಯಿಂದ, ಬೆನ್ನಿಗೆ ಗುದ್ದು ತಿಂದು ಬಂದದ್ದು. ಇದನ್ನು ಬೇಕರಿಯವನು ಕೊಡಬಲ್ಲನೇ?

ಆಮೇಲೆ ಎಲ್ಲರೂ ಜಿಲೇಬಿ ತಿಂದರು. ಶಿವಪ್ಪ ತಾನು ಗೆದ್ದೆ ಎಂದುಕೊಂಡಿದ್ದಾನೆ. ವಿನಯ ತಾನು ಗೆದ್ದೆ ಎಂದುಕೊಂಡಿದ್ದಾನೆ. ಸಂಜೆಯ ಗಾಡಿಗೆ ಹೊರಟ ಆಶಾ ಬೆನ್ನು ನೀವಿಕೊಳ್ಳುತ್ತ ಹೋದಳು, ಯಾರು ಗೆದ್ದರು ಎಂದು ಅವಳಿಗೆ ಗೊತ್ತಿದೆ. ಲಿಯಾಬೆನ್‌ಗೆ ಫೋನ್ ಮಾಡಿ ಹೇಳಿದೆ. ಇನ್ನು ನಾವಿಬ್ಬರೂ ಸಾಯಬಹುದು ಎಂದಳು. ನಿನಗೆ ಅವಸರವಿದ್ದರೆ ಮೊದಲು ನೀನು ಎಂದೆ.

ಮೊನ್ನೆ ಮಧ್ಯಾಹ್ನ ಖ್ಯಾತಿ ಸ್ನಾನಕ್ಕೆ ಹೋಗಿದ್ದಳು. ತೂಗುತ್ತಿರಿ ಬಾ ಎಂದು ನನ್ನನ್ನು ತೊಟ್ಟಿಲ ಪಕ್ಕ ಕೂರಿಸಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಲಿಯಾ ಎಂದು ಕರೆದು ನೋಡಿದೆ. ನಾಲಿಗೆ ಹೊರಳಿತು. ಕೂಸು ನಿದ್ದೆಯಲ್ಲಿತ್ತು. ಹಾಗೇ ಇನ್ನೊಂದು ಹೆಸರೂ ಕರೆದು ನೋಡೋಣ ಎನಿಸಿತು. ಸಾಕವ್ವ ಎಂದು ಯಾರಾದರೂ ಕರೆದು ಎಷ್ಟು ಕಾಲವಾಯಿತೋ? ಗಂಡ ‘ಏ, ಇಲ್ಲಿ ಕೇಳು’ ಎನ್ನುತ್ತಿದ್ದರು. ಮಗ ಅವ್ವ ಎನ್ನುತ್ತಾನೆ, ಮೊಮ್ಮಕ್ಕಳು ಅಜ್ಜಿ, ಓಣಿಯವರು ಬಾ. ಸೊಸೆ ಕಾರ್ಡು ತೋರಿಸುತ್ತಾಳೆ.

ತೊಟ್ಟಿಲಿಗೆ ಬಾಗಿ, ಸಾಕವ್ವಾ ಎಂದೆ.

ಕೂಸು ಕಣ್ಣು ಬಿಡಲಿಲ್ಲ. ಕರೆದ ಮೇಲೆ ಯಾರಾದರೂ ‘ಓ’ ಎನ್ನಬೇಕಲ್ಲ, ನಾನೇ ಅಂದೆ.